ಊತಪ್ಪದಂಥ ಒಂದು ಲೆನ್ಸು

ಕೆಲವು ವಸ್ತುಗಳು ಮನೆಗೆ ಬಂದರೆ ತಮ್ಮ ಪಾಡಿಗೆ ಒಂದು ಮೂಲೆಯಲ್ಲಿರುತ್ತವೆ. ಇನ್ನು ಕೆಲವು ಬಂದ ದಿನದಿಂದ ಏನಾದರೊಂದು ತಂದಿಡುತ್ತಲೇ ಇರುತ್ತವೆ. ನನ್ನ ಪುಟ್ಟ ಲೆನ್ಸು ಈ ಎರಡನೆಯ ಜಾತಿಗೆ ಸೇರಿದ್ದು. ಅದರಲ್ಲಿ ನಾನು ತೆಗೆದ ಫೋಟೋಗಳನ್ನು ಜನ ಮರೆತಿರಬಹುದು. ಅದರಿಂದಾದ ಫಜೀತಿಗಳನ್ನು ಕೋತಗಿರಿಯಿಂದ ಗೂಡಲೂರಿನವರೆಗೆ ಯಾರೂ ಮರೆತಿಲ್ಲ.

ಊಟಿಯ ಹತ್ತಿರದ ಕೋತಗಿರಿ ಪೇಟೆಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಒಳಗೆ ಕೂತು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುವುದು, ಪ್ರಿಂಟ್ ಹಾಕುವುದು ನನ್ನ ಹೆಂಡತಿ. ಹೊರಗೆ ಹೋಗಿ ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ ನೋಡಿಕೊಳ್ಳುವುದು ನಾನು. ವರ್ಷಗಟ್ಟಲೆ ದೊಡ್ಡ ಜೂಮ್ ಲೆನ್ಸನ್ನು ಕೊರಳಿಗೆ ನೇತುಹಾಕಿಕೊಂಡು ತಿರುಗಿದ್ದಕ್ಕೆ ಒಂದು ಬೆಳಗ್ಗೆ ಕತ್ತು ಬಲಕ್ಕೆ ತಿರುಗುವುದನ್ನೇ ನಿಲ್ಲಿಸಿತು. ಊಟಿಯ ಡಾಕ್ಟರು ಒತ್ತಿ ನೋಡಿ, "ಆಲೂಗಡ್ಡೆ ಮೂಟೆ ಹೊರ್ತೀರಾ?" ಎಂದು ಕೇಳಿದರು.

"ಇಲ್ಲ ಸಾರ್, ಮದುವೆ ಫೋಟೋ ತೆಗೀತೀನಿ."

"ಎರಡೂ ಒಂದೇ. ಭಾರ ಇಳಿಸಿ" ಎಂದರು.

ಇಳಿಸುವ ದಾರಿ ತೋರಿಸಿದವನು ಗೂಡಲೂರಿನ ನನ್ನ ಗೆಳೆಯ. ಅವನೂ ನನ್ನ ಹಾಗೆ ಕ್ಯಾಮೆರಾ ನಂಬಿ ಬದುಕುವವನು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಬಿಸ್ಕತ್ತಿನ ಹಾಗೆ ಚಪ್ಪಟೆಯಾದ ಒಂದು ಲೆನ್ಸ್ ಬರುತ್ತದಂತೆ. ಜೇಬಿನಲ್ಲಿ ಹಾಕಿಕೊಂಡರೆ ಇದೆಯೆಂದೇ ಗೊತ್ತಾಗುವುದಿಲ್ಲವಂತೆ. ಜೂಮ್ ಮಾತ್ರ ಇಲ್ಲ, ಹತ್ತಿರ ಕಾಣಬೇಕಾದರೆ ನಾವೇ ಹತ್ತಿರ ಹೋಗಬೇಕು. "ನಡೆಯೋಕೆ ಕಾಲಿದೆಯಲ್ಲ ಚೇಟ್ಟಾ" ಎಂದ. ಅವನ ಊರಿನಲ್ಲಿ ಕನ್ನಡ, ತಮಿಳು, ಮಲಯಾಳ ಮೂರೂ ಒಂದೇ ಪಾತ್ರೆಯಲ್ಲಿ ಬೇಯುವುದರಿಂದ ನಾನು ಅವನಿಗೆ ಚೇಟ್ಟ, ಎಂದರೆ ಅಣ್ಣ. ತನಗೊಂದು, ನನಗೊಂದು ತರಿಸಿಯೇಬಿಟ್ಟ.

ಹೆಸರಿನ ತಕರಾರು

ಪಾರ್ಸೆಲ್ ಬಂದಾಗ ಬಿಚ್ಚಿದವಳು ನನ್ನ ಹೆಂಡತಿ. ಲೆನ್ಸನ್ನು ಎತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಏನೂ ಬೀಳಲಿಲ್ಲ.

"ಉಳಿದದ್ದು ನಾಳೆ ಬರುತ್ತಾ?" ಎಂದು ಕೇಳಿದಳು.

ಇಷ್ಟೇ ಇರುವುದು ಎಂದು ನಾನು ವಿವರಿಸುತ್ತಿರುವಾಗ ಅಮ್ಮ ಕಾಫಿ ತಂದರು. ಅಂಗಡಿಯ ಹಿಂದೆಯೇ ಮನೆ, ಹಾಗಾಗಿ ನಮ್ಮ ವ್ಯಾಪಾರದ ಯಾವ ಮಾತೂ ಅಮ್ಮನ ಕಿವಿ ತಪ್ಪುವುದಿಲ್ಲ. "ಏನು ಇದರ ಹೆಸರು?" ಎಂದರು.

"ಪ್ಯಾನ್‌ಕೇಕ್ ಲೆನ್ಸ್ ಅಂತಾರಮ್ಮ."

"ಹಾಗಂದರೆ?"

"ಇಂಗ್ಲಿಷಿನವರ ದೋಸೆ."

ಅಮ್ಮ ಕೈ ಒರೆಸಿಕೊಂಡು ಲೆನ್ಸನ್ನು ಅಂಗೈ ಮೇಲಿಟ್ಟುಕೊಂಡರು. ಮಗುಚಿ ನೋಡಿದರು. ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು. ನಮ್ಮ ಹಟ್ಟಿಯಲ್ಲಿ, ಎಂದರೆ ನಮ್ಮ ಊರಿನಲ್ಲಿ, ದೋಸೆಯ ವಿಷಯದಲ್ಲಿ ಅಮ್ಮನ ಮಾತಿಗೆ ಎದುರಾಡುವವರಿಲ್ಲ.

"ಈ ಹೆಸರಿಟ್ಟವರ ಮನೆಯಲ್ಲಿ ದೋಸೆ ಹುಯ್ಯುವವರಿಲ್ಲ ಅಂತ ಕಾಣುತ್ತೆ. ಇಷ್ಟು ದಪ್ಪ ಬಂದರೆ ಅದು ದೋಸೆ ಅಲ್ಲ. ಊತಪ್ಪ" ಎಂದು ಹೇಳಿ ಲೋಟ ತೆಗೆದುಕೊಂಡು ಹೊರಟರು.

ಅಂದಿನಿಂದ ನಮ್ಮಲ್ಲಿ ಅದರ ಹೆಸರು ಊತಪ್ಪ. ಒಂದು ದಿನ ನಾನು ಅದನ್ನು ಮೇಜಿನ ಮೇಲೆಯೇ ಬಿಟ್ಟು ಕೆಲಸಕ್ಕೆ ಹೊರಟುಬಿಟ್ಟಿದ್ದೆ. ಹೆಂಡತಿ ಫೋನ್ ಮಾಡಿ, "ಊತಪ್ಪ ಇಲ್ಲೇ ಇದೆ, ಬಸ್ ಸ್ಟ್ಯಾಂಡಿಗೆ ಕಳಿಸಲಾ?" ಎಂದಳು. ಅಂಗಡಿಯ ಕುರ್ಚಿಯ ಮೇಲೆ ಫೋಟೋಗಾಗಿ ನೆಟ್ಟಗೆ ಕೂತಿದ್ದ ಗಿರಾಕಿ ಕತ್ತನ್ನು ಅಲ್ಲಾಡಿಸದೆ, ತುಟಿಯನ್ನೂ ಹೆಚ್ಚು ಅಲ್ಲಾಡಿಸದೆ, "ಅಕ್ಕ, ನನಗೂ ಎರಡು ಪಾರ್ಸೆಲ್ ಹೇಳಿ" ಎಂದರಂತೆ.

ಫೋಟೋದವರು ಇನ್ನೂ ಬಂದಿಲ್ಲ

ಊತಪ್ಪ ಹಿಡಿದು ಹೋದ ಮೊದಲ ಮದುವೆ ಕೋತಗಿರಿಯ ಹತ್ತಿರದ ಒಂದು ಹಟ್ಟಿಯಲ್ಲಿ. ಬೆಳಗ್ಗೆಯೇ ಹೋಗಿ ಕೆಲಸ ಶುರು ಮಾಡಿದ್ದೆ. ಹೆಂಗಸರು ನಗುತ್ತ ತರಕಾರಿ ಹೆಚ್ಚುವುದು, ಮದುಮಗಳಿಗೆ ತಲೆ ಬಾಚುವುದು, ಇಬ್ಬರು ತಾತಂದಿರು ಒಂದೇ ಬೀಡಿಗೆ ಜಗಳವಾಡುವುದು, ಎಲ್ಲವೂ ಸಿಕ್ಕಿತು. ಕ್ಯಾಮೆರಾ ಕಂಡರೆ ಮರದ ಗೊಂಬೆಯಾಗುವ ನಮ್ಮ ಜನ ಆ ದಿನ ಯಾರೂ ಬಿಗಿಯಾಗಲಿಲ್ಲ. ಈ ಲೆನ್ಸು ಎಂಥ ವರ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಯಾರೂ ಬಿಗಿಯಾಗದಿರಲು ನಿಜವಾದ ಕಾರಣ ಏನೆಂದು ಸ್ವಲ್ಪ ಹೊತ್ತಿನಲ್ಲಿ ತಿಳಿಯಿತು.

ನನ್ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಣ್ಣಿನ ತಂದೆ. "ಎಲ್ಲಿದ್ದೀರಪ್ಪ? ಗಂಡಿನವರು ಬಂದಾಯ್ತು. ಫೋಟೋದವರು ಇಲ್ಲ ಅಂತ ಎಲ್ಲ ನಿಲ್ಲಿಸಿಕೊಂಡು ಕೂತಿದ್ದೀವಿ."

"ನಿಮ್ಮ ಹಿಂದೆಯೇ ಇದ್ದೀನಿ ಅಣ್ಣ."

ಅವರು ಫೋನನ್ನು ಕಿವಿಯಲ್ಲಿಟ್ಟುಕೊಂಡೇ ತಿರುಗಿದರು. ನನ್ನ ಮುಖ ನೋಡಿದರು, ಕೈ ನೋಡಿದರು. ಆಮೇಲೆ ಮೆಲ್ಲಗೆ, "ನಿಮ್ಮ ಮಗುವಿನದ್ದು ಎತ್ತಿಕೊಂಡು ಬಂದಿದ್ದೀರಾ?" ಎಂದರು.

ಇದು ಹೊಸ ಬಗೆಯದು, ಗಾತ್ರ ಚಿಕ್ಕದಾದರೂ ಫೋಟೋ ಚೆನ್ನಾಗಿ ಬರುತ್ತದೆ ಎಂದು ಹೇಳಿದೆ. ಅವರು ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು. "ನೀವು ಹೇಳೋದು ಸರಿಯೇ ಇರಬಹುದು. ಆದರೆ ಗಂಡಿನ ಕಡೆಯವರು ಕುನ್ನೂರಿನಿಂದ ಬಂದಿದ್ದಾರೆ. ಒಬ್ಬೊಬ್ಬರನ್ನೇ ಹಿಡಿದು ಎಲ್ಲರಿಗೂ ನೀವು ಹೀಗೆ ವಿವರಿಸೋಕೆ ಆಗುತ್ತಾ?" ಎಂದರು.

ನಾನು ಹೆಂಡತಿಗೆ ಫೋನ್ ಮಾಡಿದೆ. ಮದುವೆ ಮನೆಯ ಜೀಪು ಕೋತಗಿರಿಗೆ ಓಡಿತು. ಹೆಂಡತಿ ಹಳೆಯ ಕ್ಯಾಮೆರಾವನ್ನು, ಅದರ ಮುಂದೆ ಫಿರಂಗಿಯಂಥ ಜೂಮ್ ಲೆನ್ಸನ್ನು ಸಿಕ್ಕಿಸಿ ಕಳಿಸಿಕೊಟ್ಟಳು. ಹೆಣ್ಣಿನ ತಂದೆ ಅದನ್ನು ತಾವೇ ಎರಡು ಕೈಯಲ್ಲಿ ಇಳಿಸಿಕೊಂಡು, ನನ್ನ ಕೊರಳಿಗೆ ಹಾಕಿ, ನನ್ನನ್ನು ಗಂಡಿನ ಕಡೆಯವರ ಎದುರು ಒಂದು ಸುತ್ತು ನಡೆಸಿಕೊಂಡು ಬಂದರು. ಎಲ್ಲರ ಮುಖದಲ್ಲೂ ನೆಮ್ಮದಿ ಮೂಡಿತು. ಮದುವೆ ಮುಂದುವರಿಯಿತು. ಫಿರಂಗಿ ಕೊರಳಲ್ಲಿ ತೂಗುತ್ತಿತ್ತು, ನಾನು ಅದರ ಮರೆಯಲ್ಲಿ ಊತಪ್ಪದಿಂದಲೇ ಫೋಟೋ ತೆಗೆಯುತ್ತಿದ್ದೆ.

ಊಟದ ಹೊತ್ತಿಗೆ ಗಂಡಿನ ಸೋದರಮಾವ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ತಂಬಿ, ದೊಡ್ಡದರ ಮುಚ್ಚಳ ಬೆಳಗ್ಗೆಯಿಂದ ತೆಗೆದೇ ಇಲ್ಲ" ಎಂದರು.

"ಇರಲಿ ಮಾವ. ಅವರು ಮದುವೆಗೆ ಬಂದವರು. ಕೆಲಸಕ್ಕೆ ಬಂದವರು ಈ ಚಿಕ್ಕವರು."

ಆಲ್ಬಂ ಕೊಟ್ಟ ದಿನ ಹೆಣ್ಣಿನ ತಂದೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಾಳೆ ಹಾಳೆ ತಿರುವಿ, ತರಕಾರಿ ಹೆಚ್ಚುವ ಹೆಂಗಸರ ನಗುವಿನ ಮೇಲೆ ಕೈಯಿಟ್ಟು, "ನೋಡಿದಿರಾ? ನಾನು ಹಟ ಹಿಡಿದು ದೊಡ್ಡದನ್ನು ತರಿಸದಿದ್ದರೆ ಇಷ್ಟು ಚೆನ್ನಾಗಿ ಬರ್ತಿತ್ತಾ? ಆ ಚಿಕ್ಕದನ್ನು ಮಗುವಿಗೆ ಆಡೋಕೆ ಕೊಟ್ಟುಬಿಡಿ" ಎಂದರು.

ನಂಜನಾಡಿನ ನಗು

ನಂಜನಾಡಿನ ಒಂದು ಮನೆಯಿಂದ ಕರೆ ಬಂತು. ಅಜ್ಜ ಅಜ್ಜಿಯ ಮದುವೆಯ ಸುವರ್ಣ ವರ್ಷ. ಅವರ ಮಗಳು ಮೊದಲೇ ನನ್ನನ್ನು ಪಕ್ಕಕ್ಕೆ ಕರೆದು ಕಷ್ಟ ಹೇಳಿಕೊಂಡಳು. ಅವರಿಬ್ಬರೂ ಯಾವ ಫೋಟೋದಲ್ಲೂ ನಕ್ಕವರಲ್ಲ. ಮದುವೆಯ ಫೋಟೋದಲ್ಲಂತೂ ಕೋರ್ಟಿನಲ್ಲಿ ತೀರ್ಪಿಗೆ ಕಾದ ಹಾಗೆ ನಿಂತಿದ್ದಾರೆ. "ಒಂದೇ ಒಂದು, ನಗುವ ಫೋಟೋ ಬೇಕಣ್ಣ. ಮನೆಯಲ್ಲಿ ಇಬ್ಬರೂ ಎಷ್ಟು ನಗ್ತಾರೆ ಅಂತ ಮೊಮ್ಮಕ್ಕಳ ಮಕ್ಕಳಿಗೆ ಯಾರು ಹೇಳ್ತಾರೆ?"

ಅಜ್ಜ ತಲೆಗೆ ಬಿಳಿ ಬಟ್ಟೆ ಸುತ್ತಿ, ಹೆಗಲಿಗೆ ಶಾಲು ಹೊದ್ದು ತಯಾರಾಗಿದ್ದರು. ಅಜ್ಜಿಯೂ ನಮ್ಮ ಕಡೆಯ ಪದ್ಧತಿಯಂತೆ ಬಿಳಿಯುಟ್ಟು ಬಂದರು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕ್ಯಾರೆಟ್ ಹೊಲದಲ್ಲಿ, ಅವರು ಜೀವಮಾನವೆಲ್ಲ ದುಡಿದ ಜಾಗದಲ್ಲೇ ಇಬ್ಬರನ್ನೂ ನಿಲ್ಲಿಸಿದೆ. ಕ್ಯಾಮೆರಾ ಎತ್ತಿದೆನೋ ಇಲ್ಲವೋ, ಇಬ್ಬರ ಮುಖವೂ ಬಾಗಿಲು ಹಾಕಿಕೊಂಡಿತು.

ಒಂದು ತಮಾಷೆಯ ಕತೆ ಹೇಳಿದೆ. ಅಜ್ಜ ಗಂಭೀರವಾಗಿ ಕೇಳಿ, "ಅದು ಹಾಗಲ್ಲಪ್ಪ. ಕತ್ತೆ ಮೊದಲು ಮಾತಾಡಬೇಕು, ಆಮೇಲೆ ಸಾಹುಕಾರ" ಎಂದು ತಿದ್ದಿದರು. ಇನ್ನೊಂದು ಹೇಳಿದೆ. ಅದು ಅವರಿಗೆ ಗೊತ್ತಿತ್ತು. ಅಜ್ಜಿಗೆ, ಅಜ್ಜನ ಕಡೆ ನೋಡಿ ಎಂದೆ. "ದಿನಾ ನೋಡ್ತೀನಲ್ಲ" ಎಂದರು.

ನಗು ಹೇಗೂ ಬರುವುದಿಲ್ಲ, ಹೊಲವಾದರೂ ಚೆನ್ನಾಗಿ ಬರಲಿ ಎಂದುಕೊಂಡೆ. ಜೂಮ್ ಇಲ್ಲದ ಲೆನ್ಸು, ಹೆಚ್ಚು ಜಾಗ ಕಾಣಬೇಕಾದರೆ ನಾನೇ ಹಿಂದೆ ಸರಿಯಬೇಕು. ಕಣ್ಣು ಕ್ಯಾಮೆರಾದಲ್ಲಿ, ಬೆರಳು ಗುಂಡಿಯ ಮೇಲೆ. ಒಂದು ಹೆಜ್ಜೆ ಹಿಂದಿಟ್ಟೆ. ಇನ್ನೊಂದಿಟ್ಟೆ. "ಅಣ್ಣ" ಎಂದು ಮಗಳು ಕೂಗಿದ್ದು ಕೇಳಿಸಿತು. ಮುಂದಿನ ಹೆಜ್ಜೆಗೆ ನೆಲವಿರಲಿಲ್ಲ. ಕೆಳಗಿನ ಪಾತಿಯ ಪಕ್ಕದಲ್ಲಿ ಕ್ಯಾರೆಟ್ ತೊಳೆದು ಕೆಂಪಾದ ಕೆಸರುನೀರಿನ ಹೊಂಡ. ಅದರಲ್ಲಿ ಅಂಗಾತ ಬಿದ್ದೆ. ಕ್ಯಾಮೆರಾ ಮಾತ್ರ ತುಂಬಿದ ಹೊಳೆಯಲ್ಲಿ ಕೂಸನ್ನು ಎತ್ತಿಹಿಡಿದ ಹಾಗೆ ನನ್ನ ಎರಡು ಕೈಯಲ್ಲಿ ಮೇಲಿತ್ತು.

ಬೀಳುವಾಗ ಬೆರಳು ಗುಂಡಿಯನ್ನು ಬಿಟ್ಟಿರಲಿಲ್ಲ. ಕ್ಯಾಮೆರಾ ಒಂದರ ಹಿಂದೊಂದು ತೆಗೆಯುತ್ತಲೇ ಹೋಗಿತ್ತು. ಮೊದಲನೆಯದರಲ್ಲಿ ಇಬ್ಬರೂ ಕೋರ್ಟಿನಲ್ಲಿದ್ದರು. ಆಮೇಲಿನದರಲ್ಲಿ ಅಜ್ಜಿಯ ಕೈ ಬಾಯಿಗೆ ಹೋಗಿತ್ತು. ಅದರ ನಂತರದ್ದರಲ್ಲಿ ಅಜ್ಜ ಬಾಯಿತುಂಬ ನಗುತ್ತ ಅಜ್ಜಿಯ ಹೆಗಲಿಗೆ ಒರಗಿದ್ದರು, ಅಜ್ಜಿ ನಗು ತಡೆಯಲಾರದೆ ಅಜ್ಜನ ಶಾಲು ಹಿಡಿದುಕೊಂಡಿದ್ದರು. ಮಿಕ್ಕದ್ದೆಲ್ಲ ಆಕಾಶ.

ಆ ಫೋಟೋ ನೋಡಿ ಮಗಳ ಕಣ್ಣಲ್ಲಿ ನೀರು ಬಂತು. ನನ್ನ ಬಟ್ಟೆಯಿಂದಲೂ ನೀರು ಬರುತ್ತಿತ್ತು. ಅಜ್ಜ ಕೋಲನ್ನು ಚಾಚಿ ನನ್ನನ್ನು ಮೇಲೆತ್ತಿ, "ಇನ್ನೊಂದು ಫೋಟೋ ಬೇಕಾದರೆ ಆ ಕಡೆ ಎಲೆಕೋಸಿನ ಪಾತಿ ಇದೆ ಮಗಾ. ಅಲ್ಲಿ ಬೀಳು. ಮೆತ್ತಗಿರುತ್ತೆ" ಎಂದರು.

ಮಸಿನಗುಡಿಯ ಆನೆ

ಗೂಡಲೂರಿನ ಗೆಳೆಯನಿಗೆ ಈ ಲೆನ್ಸಿನ ಮೇಲೆ ಕುರುಡು ಪ್ರೀತಿ. ಇದರಲ್ಲಿ ಆಗದ ಕೆಲಸವೇ ಇಲ್ಲ ಎಂಬುದು ಅವನ ಅಭಿಪ್ರಾಯ. ಮಸಿನಗುಡಿಯಲ್ಲಿ ವಸತಿಗೃಹ ನಡೆಸುವ ಒಬ್ಬರು ಮುಂದಿನ ಕೋಣೆಯ ಗೋಡೆಗೆ ಒಂದು ದೊಡ್ಡ ಆನೆಯ ಫೋಟೋ ಬೇಕು ಎಂದಾಗ ಅವನು ಅದನ್ನೇ ಜೇಬಿಗೆ ಹಾಕಿಕೊಂಡು ಹೊರಟ. ಜೊತೆಗೆ ನನ್ನನ್ನೂ ಕರೆದ.

"ಆನೆಗೆ ಜೂಮ್ ಬೇಡವೇನೋ?" ಎಂದು ಕೇಳಿದೆ.

"ಆನೆ ಎಷ್ಟು ದೊಡ್ಡದು ಚೇಟ್ಟಾ. ಅದಕ್ಕೆ ಯಾಕೆ ಜೂಮ್?"

ಮಧ್ಯಾಹ್ನ ಜೀಪು ರಸ್ತೆಯ ಒಂದು ತಿರುವು ದಾಟಿದ್ದೇ ತಡ, ದೂರದಲ್ಲಿ ಒಂದು ಆನೆ ರಸ್ತೆ ದಾಟುತ್ತಿತ್ತು. ಡ್ರೈವರು ನಿಲ್ಲಿಸಿ ಇಂಜಿನ್ ಆರಿಸಿದ. ಯಾರೂ ಇಳಿಯಬಾರದು, ಮಾತಾಡಬಾರದು ಎಂದ. ಗೆಳೆಯ ಕೂತಲ್ಲಿಂದಲೇ ಒಂದು ಫೋಟೋ ತೆಗೆದ. ಆನೆ ರಸ್ತೆ ದಾಟುವುದನ್ನು ಬಿಟ್ಟು ನಮ್ಮ ಕಡೆ ನೋಡಿತು. ಕಿವಿ ಬೀಸಿಕೊಂಡು, ಸಂಬಂಧಿಕರ ಮನೆಗೆ ಬರುವವರ ಹಾಗೆ ನಿಧಾನವಾಗಿ ನಮ್ಮ ಕಡೆಗೇ ನಡೆದು ಬಂತು. ಜೀಪಿಗೆ ಮೈ ಒರೆಸುವಷ್ಟು ಹತ್ತಿರದಲ್ಲಿ ಹಾದು, ಹಿಂದಿನ ಬಿದಿರ ಮೆಳೆಗೆ ಹೋಯಿತು. ಡ್ರೈವರನ ಬಾಯಲ್ಲಿ ಬಂದ ದೇವರ ಹೆಸರುಗಳಲ್ಲಿ ಮೂರು ಮತದವರೂ ಇದ್ದರು. ಗೆಳೆಯನ ಬೆರಳು ಮಾತ್ರ ಹೇಗೋ ಇನ್ನೊಂದು ಸಲ ಒತ್ತಿತ್ತು.

ವಸತಿಗೃಹದ ಯಜಮಾನರು ಎರಡು ಫೋಟೋಗಳನ್ನೂ ಲ್ಯಾಪ್‌ಟಾಪಿನಲ್ಲಿ ಬಹಳ ಹೊತ್ತು ನೋಡಿದರು. ಮೊದಲನೆಯದರಲ್ಲಿ ಉದ್ದನೆಯ ರಸ್ತೆ, ಒಳ್ಳೆಯ ಮರಗಳು, ನಡುವೆ ಎಲ್ಲೋ ಒಂದು ಮೆಣಸಿನ ಕಾಳು. ಎರಡನೆಯದು ಅಂಚಿನಿಂದ ಅಂಚಿಗೆ ಬರೀ ಬೂದು ಬಣ್ಣ.

"ಇದು ಚುಕ್ಕೆ. ಇದು ಗೋಡೆ" ಎಂದರು ಯಜಮಾನರು. "ಇವೆರಡರ ನಡುವೆ ಅದು ಆನೆಯಾಗಿ ಇದ್ದಿರಬೇಕಲ್ಲ. ಆವಾಗ ಯಾಕೆ ತೆಗೀಲಿಲ್ಲ?"

ಗೆಳೆಯ ಪ್ರಾಮಾಣಿಕವಾಗಿ ಉತ್ತರ ಕೊಟ್ಟ. "ಆವಾಗ ನಾವು ಕಣ್ಣು ಮುಚ್ಚಿಕೊಂಡಿದ್ದೆವು."

ಎಲೆಯ ರಾಶಿಯಲ್ಲಿ

ಇಷ್ಟಾದರೂ ಅವನ ಪ್ರೀತಿ ಇಳಿಯಲಿಲ್ಲ. ಕೋತಗಿರಿಯ ಹತ್ತಿರ ಸಣ್ಣ ಬೆಳೆಗಾರರಿಂದ ಟೀ ಎಲೆ ಕೊಳ್ಳುವ ಒಂದು ಫ್ಯಾಕ್ಟರಿಯವರು ಗೋಡೆ ಕ್ಯಾಲೆಂಡರಿಗೆ ಫೋಟೋ ಬೇಕೆಂದಾಗ ಅವನು ಸಹಾಯಕ್ಕೆ ಬಂದ. ಆ ದಿನ ನನ್ನ ಲೆನ್ಸು ಅಂಗಡಿಯಲ್ಲಿತ್ತು, ಅವನದ್ದು ಅವನ ಕೈಯಲ್ಲಿತ್ತು. ಹಸಿ ಎಲೆಯನ್ನು ಉದ್ದನೆಯ ತೊಟ್ಟಿಗಳಲ್ಲಿ ಹರಡಿ ಬಾಡಿಸುವ ಮಹಡಿಯಲ್ಲಿ ನಮ್ಮ ಕೆಲಸ. ಗೆಳೆಯ ಜೂಮ್ ಲೆನ್ಸ್ ಬಿಚ್ಚಿದ, ಚಪ್ಪಟೆಯದನ್ನು ಹಾಕಿದ, ಮತ್ತೆ ಬಿಚ್ಚಿದ, ಮತ್ತೆ ಹಾಕಿದ. ಆಮೇಲೆ ಟೀ ಕುಡಿಯಲು ಹೋದೆವು.

ತಿರುಗಿ ಬಂದವನು ಜೇಬು ಮುಟ್ಟಿಕೊಂಡ. ಚೀಲ ತಡಕಿದ. "ಊತಪ್ಪ ಇಲ್ಲ ಚೇಟ್ಟಾ. ಎಲೆಯೊಳಗೆ ಬಿದ್ದಿದೆ."

ಎಲೆ ಬಾಡಿದ ಮೇಲೆ ಹೋಗುವುದು ಅರೆಯುವ ಯಂತ್ರಕ್ಕೆ. ಗಾಜಿನ ಲೆನ್ಸು ಅದರೊಳಗೆ ಹೋದರೆ ಲೆನ್ಸೂ ಹೋಯಿತು, ಯಂತ್ರವೂ ಹೋಯಿತು, ಟೀ ಕುಡಿಯುವವರ ಗತಿ ದೇವರಿಗೇ ಪ್ರೀತಿ. ಮ್ಯಾನೇಜರು ಕೂಡಲೇ ಕೆಲಸ ನಿಲ್ಲಿಸಿದರು. ಮಹಡಿಯಲ್ಲಿದ್ದ ಹೆಂಗಸರೆಲ್ಲ ಸೀರೆ ಬಿಗಿದುಕೊಂಡು ತೊಟ್ಟಿಗಳಿಗೆ ಕೈ ಹಾಕಿದರು.

"ಎಷ್ಟು ದೊಡ್ಡದಿದೆ ತಂಬಿ?"

"ಬಿಸ್ಕತ್ತಿನಷ್ಟು."

"ಯಾವ ಬಿಸ್ಕತ್ತು?"

ಈ ಚರ್ಚೆಗೇ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಷ್ಟಿ ಮುಷ್ಟಿ ಎಲೆ ಎತ್ತಿ ಜಾಡಿಸಿ ನೋಡುವ ಕೆಲಸ. ಬೆಳಗ್ಗೆಯ ಕೆಲಸವೆಲ್ಲ ಹಿಂದೆ ಬಿತ್ತು. ಕೈ ಹಾಕಲು ನಾನೂ ಕೋಟು ಬಿಚ್ಚಿ, ಅದನ್ನಿಡಲು ಮೇಜಿನ ಮೇಲಿದ್ದ ಗೆಳೆಯನ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿದೆ. ಅದರ ಮೂತಿಗೆ ಕಪ್ಪು ಮುಚ್ಚಳ ಹಾಕಿತ್ತು. ಖಾಲಿ ಕ್ಯಾಮೆರಾದ ಮುಚ್ಚಳ ಇಷ್ಟು ದಪ್ಪ ಇರುತ್ತದೆಯೇ ಎಂದು ಅನುಮಾನ ಬಂದು ಅದನ್ನು ಕಿತ್ತೆ. ಒಳಗಿನಿಂದ ಗಾಜು ನನ್ನನ್ನೇ ನೋಡಿತು. ಲೆನ್ಸು ಕ್ಯಾಮೆರಾದಲ್ಲೇ ಕೂತಿತ್ತು. ಅದು ಎಷ್ಟು ಚಪ್ಪಟೆ ಎಂದರೆ ಅದನ್ನು ಕೊಂಡವನಿಗೇ ಕಂಡಿರಲಿಲ್ಲ.

ಗೆಳೆಯನ ಕಿವಿಯಲ್ಲಿ ಹೇಳಿದೆ. ಅವನು ಎಲೆಯಲ್ಲಿ ಮೊಣಕೈವರೆಗೆ ಮುಳುಗಿದ್ದ ಹೆಂಗಸರನ್ನೊಮ್ಮೆ ನೋಡಿದ. "ಈಗ ನಿಜ ಹೇಳಿದರೆ ಇದೇ ತೊಟ್ಟಿಯಲ್ಲಿ ನಮ್ಮನ್ನು ಬಾಡಿಸ್ತಾರೆ" ಎಂದ. ಬೆನ್ನು ತಿರುಗಿಸಿ, ಲೆನ್ಸನ್ನು ಮೆಲ್ಲಗೆ ಬಿಚ್ಚಿ, ಎಲೆಯೊಳಗೆ ತೂರಿಸಿ, "ಸಿಕ್ಕಿತು" ಎಂದು ಎತ್ತಿ ಹಿಡಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಮ್ಯಾನೇಜರು ಎಲ್ಲರಿಗೂ ಟೀ, ವಡೆ ತರಿಸಿದರು.

ಅಷ್ಟು ಹುಡುಕಿದ್ದೂ ವ್ಯರ್ಥವಾಗಲಿಲ್ಲ. ಎಲೆಯೊಳಗಿಂದ ಒಂದು ಓಲೆ ಬಂತು, ಕಳೆದುಕೊಂಡವಳು ಮ್ಯಾನೇಜರಿಗೂ ನಮಗೂ ಕೈಮುಗಿದಳು. ಒಂದು ಚಮಚ ಬಂತು. ಒಂದು ಪೂರ್ತಿ ಹಲ್ಲಿನ ಸೆಟ್ಟೂ ಬಂತು. ಮ್ಯಾನೇಜರು ಅದನ್ನು ಕರವಸ್ತ್ರದಲ್ಲಿ ಎತ್ತಿಹಿಡಿದು, "ನಾಚಿಕೆ ಬೇಡ. ಇದು ಯಾರದು, ಹೇಳಿ" ಎಂದು ಎರಡೆರಡು ಸಲ ಕೇಳಿದರು.

ಯಾರೂ ಬಾಯಿ ಬಿಡಲಿಲ್ಲ.

ನೀಲಿ ಸ್ವೆಟರ್

ನಮ್ಮ ಅಂಗಡಿಗೆ ಬರುವ ಒಬ್ಬ ಚಿಕ್ಕಮ್ಮ ಇದ್ದಾರೆ. ಅವರ ಅಕ್ಕನ ಮಗಳು ಶಾಲೆಯಲ್ಲಿ ಟೀಚರ್. ಬಂದ ಸಂಬಂಧಗಳಿಗೆಲ್ಲ ಬೇಡ ಎನ್ನುತ್ತಿದ್ದಳು. ಕೇಳಿದರೆ, "ಫೋಟೋದಲ್ಲಿ ಎಲ್ಲರೂ ಒಂದೇ ಥರ ಇರ್ತಾರೆ ಚಿಕ್ಕಮ್ಮ. ಮನುಷ್ಯ ಹೇಗೆ ಅಂತ ಅದರಲ್ಲಿ ಎಲ್ಲಿ ಗೊತ್ತಾಗುತ್ತೆ?" ಎನ್ನುತ್ತಿದ್ದಳು.

ಈಗ ಕುನ್ನೂರಿನ ಬ್ಯಾಂಕಿನಲ್ಲಿರುವ ಒಬ್ಬ ಹುಡುಗನ ಮಾತು ಬಂದಿತ್ತು. ಭಾನುವಾರ ಒಂದು ಮದುವೆಗೆ ಹುಡುಗನೂ ಬರುತ್ತಾನೆ, ಇವಳೂ ಹೋಗುತ್ತಾಳೆ, ಫೋಟೋಗೆ ನಾನೂ ಹೋಗುತ್ತೇನೆ. ಚಿಕ್ಕಮ್ಮ ಅಂಗಡಿಗೆ ಬಂದು ಮೇಜಿನ ಮೇಲೆ ಬಾಗಿದರು. "ನಿನ್ನ ಆ ಊತಪ್ಪ ಯಾರಿಗೂ ಕಾಣಿಸೋದಿಲ್ಲವಂತಲ್ಲ. ಹುಡುಗನಿಗೆ ಗೊತ್ತಾಗದ ಹಾಗೆ ನಾಲ್ಕು ಫೋಟೋ ತೆಗಿ. ನಿಂತದ್ದು, ನಕ್ಕದ್ದು, ಹೇಗಿದ್ದಾನೋ ಹಾಗೆ."

"ಗುರುತು ಹೇಗೆ ಹಿಡೀಲಿ?"

"ನೀಲಿ ಸ್ವೆಟರ್. ಕನ್ನಡಕ."

ಮದುವೆಗೆ ಹೋಗಿ ನೋಡಿದರೆ ಅರ್ಧ ಚಪ್ಪರಕ್ಕೆ ನೀಲಿ ಸ್ವೆಟರ್. ನಮ್ಮ ಬೆಟ್ಟದಲ್ಲಿ ಇದೊಂದು ಗುರುತೇ ಅಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಕನ್ನಡಕ ಇದ್ದವರನ್ನು ಆರಿಸುತ್ತ ಬಂದೆ. ಚಪ್ಪರದ ಕಂಬಕ್ಕೆ ಒರಗಿ ಒಬ್ಬ ಎತ್ತರದ ಹುಡುಗ ನಿಂತಿದ್ದ. ಅವನ ಕೈಯಲ್ಲೊಂದು ಪುಟ್ಟ ಕ್ಯಾಮೆರಾ, ಅದರ ಮೂತಿಗೆ ನನ್ನದೇ ಚಪ್ಪಟೆ ಲೆನ್ಸು. ನೋಡಿ ನನ್ನ ಮನಸ್ಸು ತುಂಬಿಬಂತು. ಇಂಥ ರುಚಿ ಇರುವವನೇ ನಮ್ಮ ಟೀಚರಮ್ಮನಿಗೆ ತಕ್ಕವನು, ಇವನೇ ಹುಡುಗ ಎಂದು ತೀರ್ಮಾನಿಸಿದೆ. ಬೇರೆ ಯಾರನ್ನೂ ಕೇಳಲಿಲ್ಲ. ಅವನು ನಿಂತದ್ದು, ಮಗುವೊಂದಕ್ಕೆ ದಾರಿ ಬಿಟ್ಟದ್ದು, ತನ್ನಷ್ಟಕ್ಕೆ ನಕ್ಕದ್ದು, ಕ್ಯಾಮೆರಾ ಕಣ್ಣಿಗಿಟ್ಟದ್ದು, ಎಲ್ಲವನ್ನೂ ತೆಗೆದೆ.

ಮರುದಿನ ಚಿಕ್ಕಮ್ಮನೂ ಹುಡುಗಿಯೂ ಅಂಗಡಿಗೆ ಬಂದರು. ಹುಡುಗಿ ಮೊದಲು ಬೇಸರದಿಂದಲೇ ನೋಡಲು ಕೂತಳು. ಆಮೇಲೆ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. "ಎಲ್ಲದರಲ್ಲೂ ಒಂದೇ ಕಡೆ ನೋಡ್ತಿದ್ದಾರಲ್ಲ ಅಣ್ಣ. ಆ ಕಡೆ ಏನಿತ್ತು?"

ನಾನು ಯೋಚಿಸಿದೆ. "ಆ ಕಡೆ ನೀ ಕೂತಿದ್ದೆಯಲ್ಲಮ್ಮ."

ಪ್ರಿಂಟರಿನ ಹತ್ತಿರ ನನ್ನ ಹೆಂಡತಿ ಸಣ್ಣಗೆ ಕೆಮ್ಮಿದಳು. ಹುಡುಗಿ ಮತ್ತೆ ಮೊದಲಿನಿಂದ ನೋಡಿದಳು. ಕೊನೆಗೆ ಎದ್ದು, ಶಾಲು ಸರಿಮಾಡಿಕೊಂಡು, "ಬರಲಿ ಅನ್ನಿ ಚಿಕ್ಕಮ್ಮ" ಎಂದಳು. ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಣ್ಣು ನೋಡುವ ದಿನಕ್ಕೆ ನನ್ನನ್ನೂ ಕರೆದರು.

ಆ ದಿನ ಕುನ್ನೂರಿನ ಕಾರು ಬಂತು. ಹುಡುಗನ ತಾಯಿ ತಂದೆ ಇಳಿದರು. ಹುಡುಗ ಇಳಿದ. ನೀಲಿ ಸ್ವೆಟರ್, ಕನ್ನಡಕ, ಗುಂಡಗಿನ ಒಳ್ಳೆಯ ಮುಖ. ನಾನು ಜೀವಮಾನದಲ್ಲಿ ನೋಡದ ಮುಖ. ಅವನ ಹಿಂದೆ, ಹಣ್ಣಿನ ತಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿದ್ದವನು ಇಳಿದ.

ಚಿಕ್ಕಮ್ಮ ನನ್ನ ಕಡೆ ತಿರುಗಿದರು. ನಾನು ಅಂಗಳದ ಹೂವಿನ ಗಿಡದ ಕಡೆ ತಿರುಗಿದೆ.

ಎಲ್ಲರೂ ಒಳಗೆ ಕೂತರು. ಹುಡುಗಿ ಕಾಫಿ ತಂದಳು. ಬಾಗಿಲಲ್ಲಿ ನಿಂತು ಮುಂದೆ ಕೂತ ಹುಡುಗನನ್ನು ನೋಡಿದಳು, ಹಿಂದೆ ನಿಂತವನನ್ನು ನೋಡಿದಳು, ಅಲ್ಲೇ ನಿಂತುಬಿಟ್ಟಳು. ಹಿಂದೆ ನಿಂತವನು ತಟ್ಟೆಯಲ್ಲಿದ್ದ ಸೇಬುಗಳನ್ನು ಪರೀಕ್ಷೆ ಮಾಡುವವನ ಹಾಗೆ ತಲೆ ತಗ್ಗಿಸಿದ. ಮೂಲೆಯ ಕುರ್ಚಿಯಲ್ಲಿ ಹುಡುಗಿಯ ಅಜ್ಜಿ ಇದ್ದರು. ಅವರು ಎಲ್ಲರ ಕಣ್ಣು ಎಲ್ಲಿ ಹೋಗುತ್ತಿದೆ ಎಂದು ಒಂದು ಸುತ್ತು ನೋಡಿದರು.

"ನೋಡೋಕೆ ಬಂದವರು ಯಾರು, ನೋಡ್ತಿರೋದು ಯಾರು, ಮೊದಲು ಅದು ತೀರ್ಮಾನ ಆಗಲಿ. ಆಮೇಲೆ ಕಾಫಿ" ಎಂದರು.

ಚಿಕ್ಕಮ್ಮ ಬೆವರುತ್ತ ಫೋಟೋದ ವಿಷಯ ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಆಗ ಹುಡುಗನೇ ಮೊದಲು ನಕ್ಕ. "ನಮ್ಮಮ್ಮನೂ ಅದನ್ನೇ ಮಾಡಿದ್ದು ಅಜ್ಜಿ. ಇವನು ನನ್ನ ಸ್ನೇಹಿತ, ಊಟಿಯಲ್ಲಿ ಮೇಷ್ಟರು. ಹುಡುಗಿಗೆ ಗೊತ್ತಾಗದ ಹಾಗೆ ಒಂದು ಫೋಟೋ ತೆಗೆದುಕೊಂಡು ಬಾ ಅಂತ ಇವನನ್ನು ಕಳಿಸಿದ್ದರು. ನಾನು ಆ ದಿನ ಮದುವೆಗೆ ಬರಲೇ ಇಲ್ಲ."

ಅಜ್ಜಿ ಮೇಷ್ಟರನ್ನು ಹತ್ತಿರ ಕರೆದರು. "ಎಷ್ಟು ತೆಗೆದೆ ಮಗಾ?"

"ಸ್ವಲ್ಪ ಜಾಸ್ತಿಯೇ ಆಯ್ತು ಅಜ್ಜಿ."

"ಒಂದು ಸಾಕು ಅಂದಿದ್ದರಲ್ಲ."

"ಮೊದಲನೆಯದು ಸ್ನೇಹಿತನಿಗೆ ಅಂತ ತೆಗೆದೆ."

"ಉಳಿದದ್ದು?"

"ಸರಿಯಾಗಿ ಬಂತೋ ಇಲ್ಲವೋ ಅಂತ."

"ಬಂತಾ?"

"ಎಲ್ಲವೂ ಬಂದಿವೆ" ಎಂದರು ಮೇಷ್ಟರು, ಕಿವಿಯೆಲ್ಲ ಕೆಂಪಾಗಿ.

ಹುಡುಗನ ತಾಯಿಯ ಮುಖ ಬಿಗಿದಿತ್ತು. ಹುಡುಗ ಅವರ ಕೈ ಹಿಡಿದುಕೊಂಡು, "ಅಮ್ಮ, ನಾನು ನಿನ್ನ ಒತ್ತಾಯಕ್ಕೆ ಬಂದವನು. ಇವನು ಯಾರ ಒತ್ತಾಯವೂ ಇಲ್ಲದೆ ತಟ್ಟೆ ಹೊತ್ತುಕೊಂಡು ಬಂದಿದ್ದಾನೆ. ನೀನೇ ಯೋಚನೆ ಮಾಡು" ಎಂದ.

ಅಜ್ಜಿ ಮೊಮ್ಮಗಳ ಕಡೆ ತಿರುಗಿ, "ನಿನ್ನ ಮಾತು ಏನಮ್ಮ?" ಎಂದರು. ಅವಳು ಕೋಣೆಯ ನಡುವೆ ನಡೆದು ಬಂದು ಕಾಫಿಯ ತಟ್ಟೆಯನ್ನು ಮೊದಲು ಮೇಷ್ಟರ ಮುಂದೆ ಹಿಡಿದಳು.

ಹಣ್ಣಿನ ತಟ್ಟೆ, ಕಾಫಿಯ ತಟ್ಟೆ ಎದುರುಬದುರು ನಿಂತವು. ಮೇಷ್ಟರ ಎರಡು ಕೈಯಲ್ಲೂ ಹಣ್ಣು, ಲೋಟ ತೆಗೆದುಕೊಳ್ಳಲು ಕೈಯಿಲ್ಲ. ಹುಡುಗ ಮೆಲ್ಲಗೆ, "ಅಜ್ಜಿ, ತೀರ್ಮಾನ ಆಯ್ತಲ್ಲ. ಇನ್ನು ನನಗೂ ಒಂದು ಲೋಟ ಸಿಗುತ್ತಾ? ದೂರದಿಂದ ಬಂದಿದ್ದೀನಿ" ಎಂದ. ಅವನ ತಾಯಿಗೇ ನಗು ತಡೆಯಲಾಗಲಿಲ್ಲ. ಆಮೇಲೆ ಇಡೀ ಮನೆ ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಯಾಕೆಂದರೆ ನನಗೆ ಬೀಳಬೇಕಾಗಿದ್ದ ಬೈಗುಳದ ಹೊತ್ತು ದಾಟಿಹೋಗಿತ್ತು.

ಮುಂದೆ ಮೇಷ್ಟರ ಹಿರಿಯರು ಬಂದು ಕ್ರಮವಾಗಿ ಹೆಣ್ಣು ಕೇಳಿದರು. ಮದುವೆ ನಡೆಯಿತು. ಸಾಲಾಗಿ ನಿಂತು ಹೆಜ್ಜೆ ಹಾಕುವ ಕುಣಿತದಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಕುನ್ನೂರಿನ ಬ್ಯಾಂಕಿನ ಹುಡುಗ. ಅವನಿಗೆ ಆ ದಿನವಿದ್ದ ಹಗುರ ಮದುಮಗನಿಗೂ ಇರಲಿಲ್ಲ.

ಊಟದ ಸಾಲಿನಲ್ಲಿ ಚಿಕ್ಕಮ್ಮ ತಾವೇ ಬಂದು ನನ್ನ ಎಲೆಗೆ ಪಾಯಸ ಬಡಿಸಿದರು. ಅತ್ತಿತ್ತ ನೋಡಿ, ಬಾಗಿ, ದನಿ ತಗ್ಗಿಸಿದರು.

"ಇನ್ನೊಬ್ಬಳು ಇದ್ದಾಳೆ, ಇವಳ ತಂಗಿ. ಅವಳಿಗೂ ಒಂದು ಕಡೆ ಹುಡುಗನ್ನ ನೋಡಿದ್ದೀವಿ. ಬರುವ ವಾರ ನೀನು ಹೋಗಬೇಕು."

"ಈ ಸಲ ಗುರುತು ಸರಿಯಾಗಿ ಹೇಳಿ ಚಿಕ್ಕಮ್ಮ" ಎಂದೆ.

"ಬೇಡ" ಎಂದರು. "ಆವತ್ತಿನ ಹಾಗೆಯೇ ತಪ್ಪಾದವನದ್ದೇ ತೆಗೆದುಕೊಂಡು ಬಾ."